ಉದ್ದ ಮೊದಲೋ, ಅಗಲ ಮೊದಲೋ? ವಸ್ತುವಿನ ಅಳತೆ ಬರೆಯುವ ಕ್ರಮ

ಬಾಗಿಲ ಪಕ್ಕದ 65 ಸೆಂ.ಮೀ. ಜಾಗಕ್ಕೆಂದು ಆನ್‌ಲೈನ್‌ನಲ್ಲಿ ಒಂದು ಚಪ್ಪಲಿ ಸ್ಟ್ಯಾಂಡ್ ತರಿಸಿದ್ದೆ. ಅಳತೆ ‘60×90×30’ ಎಂದಷ್ಟೇ ಇತ್ತು. ಅಗಲ 60, ಎತ್ತರ 90 ಎಂದುಕೊಂಡೆ. ಬಂದದ್ದು 90 ಅಗಲ, 60 ಎತ್ತರ! ಮಾರಿದವರು ಸುಳ್ಳೇನೂ ಬರೆದಿರಲಿಲ್ಲ. ಯಾವ ಅಂಕಿ ಯಾವುದರದ್ದು ಎಂದು ಹೇಳಿರಲಿಲ್ಲ, ಅಷ್ಟೇ. ನೀವೂ ಮನೆಯಿಂದ ಏನಾದರೂ ಮಾರುತ್ತಿದ್ದರೆ ಈ ಕ್ರಮ ತಿಳಿದಿರಲಿ.

ಮೊದಲು ಪೆಟ್ಟಿಗೆ. ಇದಕ್ಕೆ ಶಾಲೆಯಲ್ಲಿ ಕಲಿತ ಉದ್ದ × ಅಗಲ × ಎತ್ತರವೇ ಸರಿ. ‘ಉದ್ದಗಲ’ ಎನ್ನುವಾಗ ನಮ್ಮ ಮಾತಲ್ಲೂ ಉದ್ದವೇ ಮುಂದೆ ಬರುತ್ತದೆ ಅಲ್ವಾ? ಪೆಟ್ಟಿಗೆಯ ಬಾಯಿ ಮೇಲೆ ಬರುವಂತೆ ಇಡಿ. ಬಾಯಿಯ ದೊಡ್ಡ ಬದಿ ಉದ್ದ, ಚಿಕ್ಕ ಬದಿ ಅಗಲ, ಬಾಯಿಯಿಂದ ತಳದವರೆಗೆ ಎತ್ತರ. ರಟ್ಟಿನ ಪೆಟ್ಟಿಗೆ ಮಾರುವವರು ಸಾಮಾನ್ಯವಾಗಿ ಒಳಗಿನ ಅಳತೆ ಹೇಳುತ್ತಾರೆ. ಕೊರಿಯರ್‌ಗೆ ಬೇಕಾದದ್ದು ಹೊರಗಿನದು. ಹಲವು ಕೊರಿಯರ್‌ಗಳು ಮೂರೂ ಅಳತೆಯನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನು ಪೆಟ್ಟಿಗೆಯ ತೂಕವೆಂದು (ಕಿಲೋದಲ್ಲಿ) ಲೆಕ್ಕ ಹಿಡಿಯುತ್ತವೆ. 40×30×25 ಪೆಟ್ಟಿಗೆ ಹೀಗೆ 6 ಕಿಲೋ ಆಗುತ್ತದೆ. ಒಳಗೆ 2 ಕಿಲೋ ಹಪ್ಪಳವಿದ್ದರೂ ದುಡ್ಡು 6 ಕಿಲೋಗೆ. ಆದ್ದರಿಂದ ಸುಮ್ನೆ ದೊಡ್ಡ ಪೆಟ್ಟಿಗೆ ಬಳಸಬೇಡಿ.

ಕಪಾಟು, ಮೇಜು, ಫ್ರಿಜ್ಜಿಗೆ ‘ಉದ್ದ’ ಎಂದರೆ ಗೊಂದಲ. ಉದ್ದ ಎಂದಾಗ ಕೆಲವರು ಎತ್ತರವನ್ನೇ ಅಂದುಕೊಳ್ಳುತ್ತಾರೆ. ವಸ್ತುವಿನ ಎದುರು ನಿಲ್ಲಿ. ಎಡದಿಂದ ಬಲಕ್ಕೆ ಅಗಲ, ಮುಂದಿನಿಂದ ಗೋಡೆಯವರೆಗೆ ಆಳ, ನೆಲದಿಂದ ಮೇಲಕ್ಕೆ ಎತ್ತರ. ಜಾಸ್ತಿ ಕಾಣುವುದು ಇದೇ ಕ್ರಮ. ಹಿಡಿ ಹೊರಗೆ ಚಾಚಿದ್ದರೆ ಅದನ್ನೂ ಆಳಕ್ಕೆ ಸೇರಿಸಿ.

ಹಾಸಿಗೆಗೆ ಉದ್ದ, ಅಗಲ, ದಪ್ಪ: 72×36×4 ಇಂಚು. ಪ್ಲೈವುಡ್ ಹಾಳೆ 8×4 ಅಡಿ, ದಪ್ಪ ಮಾತ್ರ ಮಿಲಿಮೀಟರ್‌ನಲ್ಲಿ. ಬೆಂಗಳೂರಿನ ‘ಮೂವತ್ತು-ನಲವತ್ತು’ ಸೈಟಿನಲ್ಲಿ ಸಾಮಾನ್ಯವಾಗಿ ರಸ್ತೆ ಕಡೆಯ ಅಗಲ 30 ಅಡಿ, ಹಿಂದಕ್ಕೆ 40. ಅಲ್ಲಿ ಚಿಕ್ಕ ಅಂಕಿಯೇ ಮೊದಲು! ಚಿತ್ರ ಬರೆದು ಮಾರುವವರು ಇನ್ನೂ ಎಚ್ಚರವಾಗಿರಬೇಕು. ಕಲಾ ಸಂಗ್ರಹಾಲಯಗಳಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಕಂಪ್ಯೂಟರ್ ಪರದೆಯ 1920×1080ರಲ್ಲಿ ಅಗಲವೇ ಮೊದಲು.

ಇಷ್ಟೊಂದು ರೂಢಿ ಇರುವಾಗ ಬರೀ ಕ್ರಮವನ್ನು ನಂಬಿ ಕೂರಬಾರದು. ಪ್ರತಿ ಅಂಕಿಯ ಮುಂದೆ ಅದರ ಹೆಸರು ಬರೆಯಿರಿ: ‘ಅಗಲ 90 × ಆಳ 30 × ಎತ್ತರ 60 ಸೆಂ.ಮೀ.’ ಒಂದೇ ಸಾಲಿನಲ್ಲಿ ಇಂಚು, ಸೆಂಟಿಮೀಟರ್ ಬೆರೆಸಬೇಡಿ. ದುಂಡಗಿನ ಪಾತ್ರೆಗೆ ವ್ಯಾಸ, ಎತ್ತರ ಎರಡೇ ಸಾಕು. ವ್ಯಾಸ ಬಾಯಿಯದೋ ಹೊಟ್ಟೆಯದೋ ಎಂಬುದನ್ನೂ ಹೇಳಿ. ಟೇಪು ಹಿಡಿದು ತೆಗೆದ ಒಂದು ಫೋಟೊ ಜೊತೆಗಿದ್ದರೆ, ಕೊಳ್ಳುವವರು ಫೋನ್ ಮಾಡಿ ಕೇಳಬೇಕಾಗುವುದಿಲ್ಲ.