ಎಸಿ ಇಲ್ಲದ ಕಾರವಾರದ ಮನೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಟೆಸ್ಟ್

"ಎಸಿ ಇಲ್ಲದ ರೂಮಲ್ಲಿ ಎಂಥ ಟೆಸ್ಟ್ ಮಾರಾಯಾ, ಬೆಳಿಗ್ಗೆ ಒಂದು ನಂಬರು, ಮಧ್ಯಾಹ್ನ ಇನ್ನೊಂದು" ಎಂದು ಶಿರಸಿಯ ಗೆಳೆಯ ನಕ್ಕಿದ್ದ. ಅವನ ಮಾತು ಪೂರ್ತಿ ಸುಳ್ಳಲ್ಲ. ಕೋಡಿಬಾಗದ ನಮ್ಮ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ ರೂಮೇ 34 ಡಿಗ್ರಿ, ಜುಲೈ ರಾತ್ರಿ 26. ಮೊದಲ ತಿಂಗಳು ಬರೆದಿಟ್ಟ ಕಾರ್ಡಿನ ಬಿಸಿಯ ನಂಬರುಗಳನ್ನೆಲ್ಲ ನಾನೇ ಹರಿದು ಹಾಕಿದೆ.

ಕಾರ್ಡು ಆರ್‌ಟಿಎಕ್ಸ್ 3060 ಟಿಐ, ಸೆಕೆಂಡ್ ಹ್ಯಾಂಡ್. 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಓಡಿಸಿ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ಗಳಿಸುವ ಮೈನಿಂಗ್ ನಿಂತಿತಲ್ಲ, ಆಮೇಲೆ ಮಾರ್ಕೆಟ್ಟಿಗೆ ಬಂದ ರಾಶಿಯಲ್ಲಿ ಒಂದು. 17,000 ಚಿಲ್ಲರೆ ಕೊಟ್ಟೆ. ಬಂದ ದಿನವೇ ಹೆವನ್ (ಕಾರ್ಡಿಗೆ ಪೂರ್ತಿ ಕೆಲಸ ಕೊಡುವ ಟೆಸ್ಟ್ ಸಾಫ್ಟ್‌ವೇರ್) ಓಡಿಸಿದರೆ ಕೋರ್, ಅಂದರೆ ಚಿಪ್ಪು, 82 ಡಿಗ್ರಿ, ಅದರಲ್ಲೇ ಅತಿ ಬಿಸಿಯಾದ ಜಾಗ ಹಾಟ್‌ಸ್ಪಾಟ್ 107! "ಇಷ್ಟು ಹೊತ್ತಿಗೆ ಮಿಕ್ಸಿ ಎಂತಕ್ಕೋ?" ಎಂದು ಅಮ್ಮ ಒಳಗಿನಿಂದ ಕೂಗಿದರು. ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಒಯ್ದರೆ, "ಚಿಪ್ಪೇ ಹೋಗೇತ್ರಿ, ಹೊಸಾದ್ ತಗೋರಿ" ಎಂದರು. ಚಿಪ್ಪಿಗೆ ಏನೂ ಆಗಿರಲಿಲ್ಲ.

ಆದರೆ ನಾನೂ ಕಡಿಮೆ ಎಡವಟ್ಟು ಮಾಡಲಿಲ್ಲ. ಕಾರ್ಡ್ ಬಿಚ್ಚಿ, ಬಿಸಿ ದಾಟಿಸುವ ಮೆತ್ತನೆ ಪ್ಯಾಡ್ 1 ಮಿಮೀ ಇದ್ದ ಕಡೆ 1.5 ಹಾಕಿದೆ. ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಎತ್ತರಕ್ಕೆ ಕೂತು ಕೋರ್‌ಗೆ ತಾಗಲೇ ಇಲ್ಲ. ಒಂದೇ ನಿಮಿಷಕ್ಕೆ ಕ್ಲಾಕ್, ಅಂದರೆ ಚಿಪ್ಪಿನ ವೇಗ, ಪಾತಾಳಕ್ಕೆ. ಕಾಳಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ 850 ರೂಪಾಯಿ ಹೋಯಿತು. ಆಮೇಲೆ ಸರಿಯಾದ ಪ್ಯಾಡು, ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಸಾದಾ ಪೇಸ್ಟು. ಒಂದು ವಾರ ಚೆನ್ನಾಗಿತ್ತು. ಎರಡು ತಿಂಗಳಲ್ಲಿ ಕೋರ್‌ಗೂ ಹಾಟ್‌ಸ್ಪಾಟ್‌ಗೂ ಅಂತರ ಮತ್ತೆ 20 ದಾಟಿತು. ಕೊನೆಗೆ ಪೇಸ್ಟಿನ ಬದಲು, ಬಿಸಿಗೆ ಮೆತ್ತಗಾಗಿ ಕೂರುವ ಪಿಟಿಎಂ 7950 ಹಾಳೆ ತರಿಸಿದೆ, ಸುಮಾರು 1,100 ಬಿತ್ತು. ನಾಲ್ಕೈದು ಸಲ ಕಾದು ಆರಿದ ಮೇಲೆ ಅಂತರ 12ಕ್ಕೆ ನಿಂತದ್ದು ಈಗಲೂ ಅಲ್ಲೇ ಇದೆ. ಯಾವ ಸ್ಕ್ರೂ ಎಷ್ಟು ಸುತ್ತು ಅಂತ ನನ್ನದೊಂದು ಲೆಕ್ಕವಿದೆ. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಇನ್ನು ಟೆಸ್ಟು. 250 ರೂಪಾಯಿಯ ಡಿಜಿಟಲ್ ಥರ್ಮಾಮೀಟರನ್ನು ಕ್ಯಾಬಿನೆಟ್ಟಿನ ಮುಂದೆ, ಗಾಳಿ ಒಳಹೋಗುವ ಜಾಗಕ್ಕೆ ಅರ್ಧ ಅಡಿ ದೂರದಲ್ಲಿ ಇಟ್ಟೆ. ಕಾರ್ಡಿನ ಫ್ಯಾನ್ 60 ಪರ್ಸೆಂಟಿಗೆ ಲಾಕ್. ಅರ್ಧ ಗಂಟೆ ಹೆವನ್ ಓಡಿಸಿ, ಕಡೇ ಐದು ನಿಮಿಷದ ಕಾರ್ಡಿನ ಬಿಸಿಯ ಸರಾಸರಿಯಲ್ಲಿ ರೂಮಿನ ಬಿಸಿ ಕಳೆಯುವುದು, ಅಷ್ಟೇ. ಮೇನಲ್ಲಿ 77ರಲ್ಲಿ 34 ಹೋಗಿ 43. ಜುಲೈನಲ್ಲಿ 70ರಲ್ಲಿ 26 ಹೋಗಿ 44. ಸ್ಕ್ರೀನ್‌ಶಾಟ್ ಶಿರಸಿಗೆ ಕಳಿಸಿದೆ. ಎರಡು ದಿನ ಉತ್ತರವಿಲ್ಲ! ಒಂದು ಮಾತು, ಸೀಲಿಂಗ್ ಫ್ಯಾನ್ ಹಾಕಿದರೆ ಲೆಕ್ಕ ಮೂರು ಡಿಗ್ರಿ ಕೆಡುತ್ತದೆ. ಬೆವರಿಕೊಂಡೇ ಕೂರಬೇಕು.

ಶಬ್ದದ ಟೆಸ್ಟ್ ಜಾಸ್ತಿ ಸತಾಯಿಸಿತು. ಫೋನಿನ ಆ್ಯಪ್ ತೋರಿಸುವ ಡೆಸಿಬಲ್ ನಂಬುವಂಥದ್ದಲ್ಲ, ನಿಜ. ಆದರೆ ಅದೇ ಫೋನು, ಅದೇ ಸ್ಟೂಲು, ಅದೇ ದೂರ ಇದ್ದರೆ ಮೊದಲಿಗೂ ಆಮೇಲಿಗೂ ಹೋಲಿಸಬಹುದು. ಮಳೆಗಾಲದಲ್ಲಿ ತಗಡಿನ ಮೇಲೆ ಬೀಳುವ ನೀರೇ ಕಾರ್ಡಿಗಿಂತ ಜೋರು, ಡಿಸೆಂಬರ್ ತನಕ ಕಾದೆ. ರಾತ್ರಿ ಎರಡಕ್ಕೆ ಫ್ರಿಜ್ ಕೂಡ ಆಫ್ ಮಾಡಿದೆ. ಸಮುದ್ರ ಆಫ್ ಮಾಡಲಿಕ್ಕಾಗುವುದಿಲ್ಲ ಅಲ್ವಾ, ಸುಮ್ನಿದ್ದಾಗಲೇ 33 ತೋರಿಸುತ್ತಿತ್ತು. ಕಾರ್ಡ್ ಇದ್ದ ಹಾಗೇ ಓಡಿದರೆ 46. 0.9 ವೋಲ್ಟಿಗೆ 1,860 ಮೆಗಾಹರ್ಟ್ಸ್ ಕಟ್ಟಿ ಅಂಡರ್‌ವೋಲ್ಟ್ ಮಾಡಿದ (ಚಿಪ್ಪಿಗೆ ಹೋಗುವ ವೋಲ್ಟೇಜ್ ಇಳಿಸಿದ) ಮೇಲೆ 38. ಕರೆಂಟ್ 200 ವ್ಯಾಟಿನಿಂದ 155ರ ಆಸುಪಾಸಿಗೆ ಇಳಿಯಿತು. ಕಾರ್ಡಿನ ತಾಕತ್ತಿಗೆ ಅಂಕ ಕೊಡುವ ಸೂಪರ್‌ಪೊಸಿಷನ್ ಟೆಸ್ಟಿನಲ್ಲಿ 7,000ದ ಹತ್ತಿರ ಇದ್ದದ್ದು ನೂರು ಅಂಕದಷ್ಟು ಕಮ್ಮಿ ಆಯಿತು. ಆಟ ಆಡುವಾಗ ಯಾರಿಗೂ ಗೊತ್ತಾಗದು. ಫ್ರಿಜ್ ವಾಪಸ್ ಹಾಕಲು ಮರೆತು ಒಂದು ಕೇಜಿ ಬಂಗುಡೆ ಹಾಳಾದದ್ದು ಮಾತ್ರ ಅಮ್ಮನಿಗೆ ಬೆಳಿಗ್ಗೆಯೇ ಗೊತ್ತಾಯಿತು.

ಉಪ್ಪುಗಾಳಿಗೆ ಅಡ್ಡ ಇರಲಿ ಎಂದು ಹಳೇ ಪಂಚೆ ಎರಡು ಮಡಿಕೆ ಮಾಡಿ ಮುಂದಿನ ಫ್ಯಾನಿಗೆ ಕಟ್ಟಿಯೂ ನೋಡಿದೆ. ಧೂಳು ನಿಂತಿತು, ಬಿಸಿ ಆರು ಡಿಗ್ರಿ ಏರಿತು. ಈಗ ಒಂದೇ ಮಡಿಕೆ ಕಟ್ಟಿ ಲೆಕ್ಕ ನೋಡುತ್ತಿದ್ದೇನೆ. ಶಿರಸಿಯವನು ಮೊನ್ನೆ ತನ್ನ ಕಾರ್ಡನ್ನೂ ಬಸ್ಸಿಗೆ ಹಾಕಿ ಕಳಿಸಿದ್ದಾನೆ, ಹಾಳೆಯ ದುಡ್ಡು ಮಾತ್ರ ಇನ್ನೂ ಬಂದಿಲ್ಲ.