ಮೈಸೂರಿನ ಕಥೆ, ಮದ್ರಾಸಿನ ನಂಬರು

ನಮ್ಮ ಮನೆಯಲ್ಲಿ ಹಳೇ ಸಿನಿಮಾ ಹಾಕಿದರೆ ನನ್ನ ಕೈಗೆ ರಿಮೋಟ್ ಕೊಡುವುದಿಲ್ಲ. ನಾಯಕಿ ಅಳುತ್ತಾ ಓಡಿ ಬರುತ್ತಿರುವಾಗ ನಾನು ನಿಲ್ಲಿಸಿ, ಹಿಂದೆ ನಿಂತಿರುವ ಕಾರಿನ ಬಂಪರ್ ಹತ್ತಿರ ಮೂಗು ಇಡುತ್ತೇನೆ.

ಈ ಚಟ ಅಂಟಿದ್ದು ಒಂದು ಕಪ್ಪು ಬಿಳುಪು ಚಿತ್ರದಿಂದ. ಕಥೆಯ ಸಾಹುಕಾರರು ಮೈಸೂರಿನವರು, ಮಾತು ಮಾತಿಗೂ ಚಾಮುಂಡಿ ತಾಯಿ. ಆದರೆ ಅವರ ಕಾರಿನ ನಂಬರು ಶುರುವಾಗುವುದು ಎಂ.ಎಸ್. ಅಂತ. ಆಗಿನ ಮೈಸೂರು ರಾಜ್ಯದ್ದು ಎಂ.ವೈ. ಆಗಬೇಕಿತ್ತಲ್ಲ? ಪ್ರಿಂಟ್ ಮಸುಕಾಗಿರಬೇಕು ಅಂದುಕೊಂಡು ಮೂರು ಸಲ ಹಿಂದಕ್ಕೆ ಎಳೆದೆ. ಎಸ್ಸೇ. ಆಮೇಲೆ ಹೊಳೆಯಿತು: ಆಗ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಕಾರೂ ಅಲ್ಲಿಯದೇ. ಅಲ್ಲಿಂದಾಚೆಗೆ ನಂಬರು ನೋಡಿಯೇ ದೃಶ್ಯ ಎಲ್ಲಿ ತೆಗೆದದ್ದು ಅಂತ ಅಂದಾಜು ಕಟ್ಟತೊಡಗಿದೆ. ಒಂದರಲ್ಲಂತೂ ನಾಯಕ ಬಂಗಲೆಯಿಂದ ಎಂ.ಎಸ್. ಕಾರಿನಲ್ಲಿ ಹೊರಟು ಬೆಟ್ಟದ ತಿರುವಿಗೆ ಬರುವಷ್ಟರಲ್ಲಿ ಎಂ.ವೈ. ಆಗಿಬಿಡುತ್ತಾನೆ!

ಅಂಬಾಸಡರ್‌ನ ವಯಸ್ಸು ಹೇಳಲು ನಾನು ಮೊದಲು ನೋಡುವುದು ಗ್ರಿಲ್. 1963ರ ಮಾರ್ಕ್ 2ಕ್ಕೆ ಸಣ್ಣ ಸಣ್ಣ ಚೌಕುಳಿ, 1975ರ ಮಾರ್ಕ್ 3ಕ್ಕೆ ಅಡ್ಡಪಟ್ಟಿ. ಫಿಯಟ್ ಆದರೆ ಯಾರಾದರೂ ಇಳಿಯುವ ತನಕ ಕಾಯುತ್ತೇನೆ, ಹಳೆಯದರ ಮುಂಬಾಗಿಲು ಹಿಂದುಮುಂದಾಗಿ ತೆರೆದುಕೊಳ್ಳುತ್ತದೆ. ಅಂಟಿಸಿದ ನಂಬರು ಗೊತ್ತಾಗುವುದು ಗಾಡಿ ಓಡುವಾಗ: ಗಾಳಿಗೆ ಕಾಗದದ ಮೂಲೆ ಏಳುತ್ತದೆ, ಕೆಳಗಿನಿಂದ ನಿಜವಾದ ನಂಬರಿನ ಬಾಲ ಇಣುಕುತ್ತದೆ.

ಜಂಬ ಇಳಿದದ್ದೂ ಇದರಲ್ಲೇ. ಎಂಬತ್ತರ ದಶಕದ ಒಂದು ಚಿತ್ರದಲ್ಲಿ ಬಿಳಿ ಬೋರ್ಡಿನ ಕಾರು ಬಂತು. ಸ್ವಂತ ಗಾಡಿಗೆ ಕಪ್ಪು ಹೋಗಿ ಬಿಳಿ ಬಂದದ್ದು ಈ ಶತಮಾನದ ಶುರುವಿನಲ್ಲಿ. "ಸಿಕ್ಕಿಬಿದ್ರು ನೋಡಿ!" ಅಂದೆ. ಆರಾಮ ಕುರ್ಚಿಯಲ್ಲಿದ್ದ ಅಪ್ಪ ಕಣ್ಣೂ ಬಿಡದೆ, "ಯಾವ ಬಣ್ಣದ ಕಾರೋ ಅದು?" ಅಂದರು.

"ಕಪ್ಪು. ಮೇಲೆ ಹಳದಿ."

"ಅಯ್ಯೋ ಪೆದ್ದೇ, ಟ್ಯಾಕ್ಸಿ ಕಣೋ. ಆಗ ಬಿಳೀ ಬೋರ್ಡು ಇದ್ದದ್ದೇ ನಮಗೆ."

ಅಪ್ಪ ಇಪ್ಪತ್ತಾರು ವರ್ಷ ಟ್ಯಾಕ್ಸಿ ಓಡಿಸಿದವರು. ನಾನು ಅದೇ ಟ್ಯಾಕ್ಸಿಯ ಡಿಕ್ಕಿಯಲ್ಲಿ ಆಡಿ ಬೆಳೆದವನು. ಆದರೂ ಮರೆತಿದ್ದೆ. ಈಗ ವೈಟ್ ಬೋರ್ಡ್ ಅಂದರೆ ಸ್ವಂತ ಗಾಡಿ, ಯೆಲ್ಲೋ ಬೋರ್ಡ್ ಅಂದರೆ ಬಾಡಿಗೆಯದು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತ್ತು.

ಈ ಹುಚ್ಚು ಗೊತ್ತಿದ್ದ ಸ್ನೇಹಿತರೊಬ್ಬರು ಹೋದ ವರ್ಷ ಒಂದು ಧಾರಾವಾಹಿಯ ಕೆಲಸಕ್ಕೆ ಕರೆದರು. 1982ರ ಫ್ಲ್ಯಾಶ್‌ಬ್ಯಾಕ್, ಜಮೀನ್ದಾರರ ಕಾರು. ಹೋಗಿ ನೋಡಿದರೆ ಕೆ.ಎ. 09 ಅಂತ ಬಿಳಿ ಸ್ಟಿಕ್ಕರ್ ಹೊಡೆಸಿಟ್ಟಿದ್ದಾರೆ! ಕೆ.ಎ. ಬಂದದ್ದೇ 1989ರ ಜುಲೈನಲ್ಲಿ. ಅದಕ್ಕೂ ಮುಂಚೆ ಮೂರು ಅಕ್ಷರ, ಮುಂದೆ ಅಂಕಿ, ಅಷ್ಟೇ. ಕಂಪ್ಯೂಟರ್ ಅಕ್ಷರವೂ ಬೇಡವೆಂದು ಅಂಗಡಿ ಬೋರ್ಡ್ ಬರೆಯುತ್ತಿದ್ದ ಹಿರಿಯರೊಬ್ಬರನ್ನು ಹುಡುಕಿ ಕರೆತಂದೆ. ತಗಡಿಗೆ ಕಪ್ಪು ಬಳಿದು, ಒಣಗಿದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ನಡುವೆ ಬಿಳಿ ಬಣ್ಣದಲ್ಲಿ ಬರೆದರು. ಕೊನೆಯ ಸೊನ್ನೆ ಒಂಚೂರು ದಪ್ಪವಾಯಿತು. ಅಳಿಸಲು ಹೋದರು, ನಾನೇ ಬಿಡಲಿಲ್ಲ. ಆಮೇಲೆ ತಗಡಿಗೆ ಟೀ ಡಿಕಾಕ್ಷನ್ನು, ಮಣ್ಣು ಒರೆಸಿದೆವು. ಬಾಡಿಗೆಗೆ ತಂದಿದ್ದ ಗಾಡಿ ಮಾತ್ರ ಅಂಬಾಸಡರ್ ನೋವಾ, ಅಂದರೆ ತೊಂಬತ್ತರದ್ದು. ಗ್ರಿಲ್ ಬದಲಿಸಲು ದುಡ್ಡಿಲ್ಲ ಅಂದರು. ಹಾಗಾದರೆ ಹಿಂದಿನಿಂದ ತೆಗೆಯಿರಿ ಅಂದೆ, ಹಾಗೇ ತೆಗೆದರು.

ಇನ್ಯಾರದೋ ನಂಬರು ಬಳಸಿ ಅವರಿಗೆ ತೊಂದರೆ ಕೊಡುವುದು ಬೇಡವೆಂದು, ಎಂದೋ ಗುಜರಿಗೆ ಹೋದ ಅಪ್ಪನ ಟ್ಯಾಕ್ಸಿಯದನ್ನೇ ಬರೆಸಿದ್ದೆ. ಪರದೆ ಮೇಲೆ ಅದು ಬಂದದ್ದು ಎರಡು ಸೆಕೆಂಡು. ಅಪ್ಪ ಕನ್ನಡಕ ಸರಿ ಮಾಡಿಕೊಂಡರು.

"ನಂಬರು ನಮ್ದೇ ಕಣೋ," ಅಂದರು. "ಬೋರ್ಡು ಮಾತ್ರ ಸಾಹುಕಾರ್ರದ್ದು."