ಸಂಕಟದ ರಾತ್ರಿ ಪ್ರಾರ್ಥನೆಗೆ ಕೂರುವ ಬಗೆ

ಬೀದರ ಜಿಲ್ಲೆಯ ನಮ್ಮ ಊರಿನಲ್ಲಿ ತೊಗರಿಗೆ ನೆಟೆ ರೋಗ ತಗಲಿ, ಹೂ ಬಿಟ್ಟ ಗಿಡಗಳೆಲ್ಲ ನಿಂತಲ್ಲೇ ಒಣಗಿದ ವರ್ಷ, ರಾತ್ರಿಯ ಊಟ ಮುಗಿದ ಮೇಲೆ ನಮ್ಮ ತಾಯಿಯವರು ಸೆರಗನ್ನು ತಲೆಗೆಳೆದುಕೊಂಡು ಮೊಣಕಾಲೂರುತ್ತಿದ್ದರು. "ತಂದೆಯೇ, ಸೊಸೈಟಿ ಸಾಲ 60 ಸಾವಿರ ಅದ, ಮಗಳ ಫೀಸು ಬಾಕಿ ಅದ" ಎಂದು ಲೆಕ್ಕ ಒಪ್ಪಿಸುವವರಂತೆ ಹೇಳುತ್ತಿದ್ದರು. ಪ್ರಾರ್ಥನೆಯನ್ನು ಹೀಗೆಯೇ ಆರಂಭಿಸಬೇಕು. ಕಷ್ಟಕ್ಕೆ ಅದರ ಹೆಸರನ್ನೇ ಇಟ್ಟು ಹೇಳಿರಿ, ಚರ್ಚಿನ ಸಭೆಯಲ್ಲಿ ಕೇಳಿದ ದೊಡ್ಡ ಮಾತುಗಳನ್ನು ಹುಡುಕಬೇಡಿರಿ.

ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸಬೇಕೆಂದು ಬೈಬಲಿನ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸು ಹೇಳಿದ್ದಾರೆ. ಒಂದೇ ಕೋಣೆಯ ಮನೆಯವರಿಗೆ ಹೊಲದ ಬದುವೇ ಆ ಕೋಣೆಯಾಗಬಹುದು.

ಮಾತೇ ಹೊರಡದಿದ್ದರೆ ಬೈಬಲಿನ ಕೀರ್ತನೆಗಳ ಪುಸ್ತಕವನ್ನು ತೆರೆಯಿರಿ. ಅಲ್ಲಿರುವ 150 ಕೀರ್ತನೆಗಳಲ್ಲಿ ಬಹಳಷ್ಟು ದೂರುಗಳೇ ಆಗಿವೆ ಎಂಬುದನ್ನು ನಮ್ಮ ಸಭೆಯ ಪ್ರಸಂಗಗಳು ಯಾಕೋ ಅಷ್ಟಾಗಿ ಹೇಳುವುದಿಲ್ಲ. 13ನೆಯ ಕೀರ್ತನೆಯು ಇನ್ನೆಷ್ಟು ಕಾಲ ಎಂದು ನಾಲ್ಕು ಬಾರಿ ದೇವರನ್ನೇ ಕೇಳಿ, ಆರನೆಯ ವಚನಕ್ಕೆ ಬರುವಷ್ಟರಲ್ಲಿ ಹಾಡಿಗೆ ತಿರುಗುತ್ತದೆ. 88ನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಸಮಾಧಾನ ಬಾರದೆ ಎದ್ದ ರಾತ್ರಿಯ ಪ್ರಾರ್ಥನೆಯೂ ಪ್ರಾರ್ಥನೆಯೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ನನಗೆ ಬೇಕಾಗಿಲ್ಲ. ಇಂತಹ ಒಂದು ಕೀರ್ತನೆಯನ್ನು ನಿಧಾನವಾಗಿ, ತುಟಿಯಾಡಿಸುತ್ತ ಓದಿ, ನಿಮ್ಮ ಸಂಗತಿ ತಾಗುವ ಸಾಲಿನಲ್ಲಿ ನಿಂತು ಅಲ್ಲಿ ನಿಮ್ಮ ಮಾತನ್ನು ಸೇರಿಸಿರಿ.

ನಿನ್ನೆ ಕೇಳಿದ್ದನ್ನೇ ಇಂದೂ ಕೇಳಲು ಸಂಕೋಚಪಡಬೇಡಿರಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು, ಈ ಸಂಕಟ ತಪ್ಪಲಿ ಎಂದು ಮೂರು ಸಲ ಅದೇ ಬಿನ್ನಹ ಮಾಡಿದರು, ಆದರೂ ತಂದೆಯ ಚಿತ್ತವೇ ಆಗಲಿ ಎಂದರು. ತನ್ನ ಶರೀರದಲ್ಲಿ ನಾಟಿದ್ದ ಮುಳ್ಳು ಹೋಗಲೆಂದು ಅಪೊಸ್ತಲನಾದ ಪೌಲನೂ ಮೂರು ಸಾರಿ ಬೇಡಿಕೊಂಡನು; ಮುಳ್ಳು ಹೋಗಲಿಲ್ಲ, ಸಾಲುವಷ್ಟು ಕೃಪೆ ಸಿಕ್ಕಿತು. ಸೆರೆಯಲ್ಲಿ ಬೇಡಿಗಳಲ್ಲಿದ್ದುಕೊಂಡು ಫಿಲಿಪ್ಪಿ ಊರಿನ ಸಭೆಯವರಿಗೆ ಪತ್ರ ಬರೆದಾಗಲೂ ಅವನು ಪ್ರಾರ್ಥಿಸುವವರ ಹೃದಯವನ್ನು ದೇವರ ಶಾಂತಿ ಕಾಯುವುದೆಂದು ಹೇಳಿದನೇ ಹೊರತು ಬಾಗಿಲು ಕೂಡಲೇ ತೆರೆಯುವುದೆಂದು ಹೇಳಲಿಲ್ಲ. ಪ್ರಾರ್ಥನೆಯ ಬಲವೆಂದು ನಾನು ತಿಳಿದಿರುವುದು ಇದನ್ನೇ. ಇಂತಿಷ್ಟು ಕಾಣಿಕೆಗೆ ಇಂತಿಷ್ಟು ದಿನದಲ್ಲಿ ಸಾಲ ತೀರುತ್ತದೆ ಎನ್ನುವವರಿಂದ ದೂರವಿರಿ.

ಒಬ್ಬರೇ ಹೊರಲಾರದ ಭಾರವಿದ್ದರೆ, ಯಾಕೋಬನ ಪತ್ರಿಕೆ ಹೇಳುವಂತೆ, ಸಭೆಯ ಹಿರಿಯರನ್ನು ಮನೆಗೆ ಕರೆಯಿರಿ. ಆದರೆ ಮನೆ ಪ್ರಾರ್ಥನೆಯಲ್ಲಿ ಹೇಳಿದ ವಿಜ್ಞಾಪನೆ ಬೆಳಗಾಗುವಷ್ಟರಲ್ಲಿ ಓಣಿಯೆಲ್ಲ ಸುತ್ತಿ ಬರುವುದುಂಟು. ಮಗಳ ಸಂಸಾರದ ಸಂಗತಿಯಂಥದ್ದನ್ನು ಪಾಸ್ಟರ್ ಅವರ ಬಳಿ ಮಾತ್ರ ಹೇಳುವುದು ಲೇಸು. ಸಕ್ಕರೆ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಪ್ರಾರ್ಥನೆಗೆ ಕೂರಬಾರದು. ಬದುಕೇ ಬೇಡವೆನಿಸಿದ ರಾತ್ರಿಯಂತೂ ಪ್ರಾರ್ಥನೆ ಮುಗಿಯುವವರೆಗೂ ಕಾಯದೆ, ಪಕ್ಕದ ಮನೆಯವರನ್ನಾದರೂ ಎಬ್ಬಿಸಿ ಆಸ್ಪತ್ರೆಗೆ ಹೋಗಿರಿ.

ನಮ್ಮ ತಾಯಿಯವರು ಆಮೆನ್ ಎಂದು ಕಣ್ಣೊರೆಸಿಕೊಂಡ ಮೇಲೆ, ಮರುದಿನ ಸೊಸೈಟಿಗೆ ಒಯ್ಯಬೇಕಾದ ಪಹಣಿಯನ್ನು ಮಡಚಿ ಬೈಬಲಿನೊಳಗೆ ಇಟ್ಟು ಮಲಗುತ್ತಿದ್ದರು.